ಓನರ್ ಆಂಟಿಯ ಗೋಡೆ

ಕಿವಿಯಲ್ಲಿ ಕೆಂಪು ಹರಳಿನ ಓಲೆ, ಕಿವಿಯ ಒಳಗೆ ನೆಲ್ಲಿಕಾಯಿ ಗಾತ್ರದ ಹತ್ತಿ. ನಾಗರಬಾವಿಯ ನಮ್ಮ ಓನರ್ ಆಂಟಿ ಮೆಟ್ಟಿಲು ಹತ್ತಿ ಬರುತ್ತಿದ್ದುದೇ ಹೀಗೆ. ಹತ್ತಿ ಇಟ್ಟದ್ದು ಮನೆಯಲ್ಲಿದ್ದಷ್ಟು ಹೊತ್ತೂ ಅವರ ತಲೆಯ ಮೇಲೆ ಓಡಾಡುತ್ತಿದ್ದ ನನ್ನ ಮಗಳ ಸಲುವಾಗಿ. ದೂರು ಹೇಳಿ ಮುಗಿಸುವಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಹಾಗಾಗಿ ನಾನು ಕೊಟ್ಟ ಸಮಜಾಯಿಷಿ ಒಂದೂ ಅವರಿಗೆ ಕೇಳಿದ್ದಿಲ್ಲ.

ಅವರದು ಅದೇ ಊರಿನ ರೈತರ ಮನೆ. ಹೊಲವೆಲ್ಲ ಲೇಔಟ್ ಆದ ಮೇಲೆ ಉಳಿದ ಸೈಟಿನಲ್ಲಿ ಮನೆ ಕಟ್ಟಿ, ಕೆಳಗೆ ತಾವಿದ್ದುಕೊಂಡು ಮೇಲಿನದನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಆ ಮನೆಯನ್ನು ಹಸುವಿನ ಹಾಗೆ ನೋಡಿಕೊಳ್ಳುತ್ತಿದ್ದರು. ಹೋಗುತ್ತ ಬರುತ್ತ ಗೋಡೆಯ ಮೈ ಸವರುವರು. ನಾವು ಒಂದು ಮೊಳೆ ಹೊಡೆಯಬೇಕಾದರೂ ಅವರೇ ಬಂದು ಜಾಗ ತೋರಿಸಬೇಕು.

ಮಗಳಿಗೆ ಆಗ ಆರು ವರ್ಷ. ಕುಳಿತಲ್ಲಿ ಕುಳಿತವಳಲ್ಲ. ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಮನೆಗೊಂದು ಸುತ್ತು ಹಾಕಬೇಕು. ನಿದ್ದೆಯಲ್ಲೂ ಕಾಲು ಝಾಡಿಸುತ್ತಿದ್ದಳು. ಶಾಲೆಯ ಮಿಸ್ ನನ್ನನ್ನು ಕರೆಸಿ, ಇವಳಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದೆ ಚಡಪಡಿಸುವ ತೊಂದರೆ, ಇರಬಹುದು, ಯಾರಿಗಾದರೂ ತೋರಿಸಿ, ಹೀಗೇ ಆದರೆ ಮುಂದಿನ ವರ್ಷ ಇಟ್ಟುಕೊಳ್ಳುವುದು ಕಷ್ಟ ಎಂದಿದ್ದರು. ಬಸ್ಸಿನಲ್ಲಿ ಅಳುತ್ತ ಬಂದೆ. ಆಂಟಿಗೆ ಹೇಳಲಿಲ್ಲ. ಹೇಳಿದರೆ ಮನೆ ಖಾಲಿ ಮಾಡಿಸಲು ನಾನೇ ಕಾರಣ ಒದಗಿಸಿದಂತಾಗುತ್ತಿತ್ತು.

ತಮಾಷೆಯೆಂದರೆ, ಬೆಳಗ್ಗೆ ದೂರು ಹೇಳುವ ಆಂಟಿಯೇ ಸಂಜೆ ನಾನು ಆಫೀಸಿನಿಂದ ಬರುವವರೆಗೆ ಅವಳನ್ನು ನೋಡಿಕೊಳ್ಳುತ್ತಿದ್ದರು. ಅನ್ನ ತಿನ್ನಿಸಿ, ಜೊತೆಗೇ ದೊಡ್ಡ ಲೋಟದ ತುಂಬ ಟೀ ಕೊಡುವರು.

ಒಂದು ಶನಿವಾರ ಅವರು ಹತ್ತಿಯಿಲ್ಲದೆ ಬಂದರು. ನನ್ನ ಕೈಹಿಡಿದು ಕೆಳಗೆ ಕರೆದೊಯ್ದು ಮೆಟ್ಟಿಲ ಮರೆಯ ಗೋಡೆ ತೋರಿಸಿದರು. ಸುಣ್ಣ ಹೋಗಿ, ಗಾರೆಯೂ ಹೋಗಿ ಅಂಗೈಯಗಲ ಗುಂಡಿ ಬಿದ್ದಿತ್ತು. ಇಲಿಯ ಕೆಲಸವೆಂದು ಅವರು ವಾರದಿಂದ ಬೋನು ಇಟ್ಟಿದ್ದರಂತೆ. ಬೋನಿನ ಕೊಬ್ಬರಿ ಹಾಗೇ ಇತ್ತು, ಗುಂಡಿ ಮಾತ್ರ ದೊಡ್ಡದಾಗುತ್ತಿತ್ತು. ಅವತ್ತು ನನ್ನ ಮಗಳು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುವುದು ಅವರ ಕಣ್ಣಿಗೆ ಬಿದ್ದಿತ್ತು.

"ನೋಡಮ್ಮ, ತಲೆ ಮೇಲೆ ಓಡಾಡಿದ್ರೂ ಹೆಂಗೋ ತಡ್ಕೊಂಡಿದ್ದೆ. ಈಗ ಮನೇನೇ ತಿಂತಾವ್ಳೆ."

ಅವರೇ ಆಟೋ ಕರೆದು ವಿಜಯನಗರದ ಮಕ್ಕಳ ಡಾಕ್ಟರ ಬಳಿಗೆ ನಮ್ಮನ್ನು ಹೊರಡಿಸಿ, ತಾವೂ ಹತ್ತಿ ಕುಳಿತರು. ಸಾಕ್ಷಿಗೆಂದು ಗೋಡೆಯ ಚೂರೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಅದನ್ನು ಡಾಕ್ಟರ ಮೇಜಿನ ಮೇಲಿಟ್ಟು, ಹಗಲಿನ ಓಟ, ರಾತ್ರಿ ಮಂಚದ ದಡದಡ ಎಲ್ಲವನ್ನೂ ಒಪ್ಪಿಸಿದರು. ಆಗ ನಾನೂ ಶಾಲೆಯವರ ಮಾತನ್ನು ಬಾಯಿಬಿಟ್ಟೆ.

ಡಾಕ್ಟರು ನಗಲಿಲ್ಲ. ಮಗಳ ಕೆಳರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆಗೆ ಬರೆದರು. ರಿಪೋರ್ಟ್ ಬಂದಾಗ ಕಬ್ಬಿಣಾಂಶ ತಳ ಕಂಡಿತ್ತು. ಕಬ್ಬಿಣ ಕಮ್ಮಿಯಾದ ಮಕ್ಕಳು ಮಣ್ಣು, ಸುಣ್ಣ ತಿನ್ನುವುದುಂಟು, ನಿದ್ದೆ ಕೆಡಬಹುದು, ಮನಸ್ಸು ಒಂದು ಕಡೆ ನಿಲ್ಲದಿರಬಹುದು ಎಂದು ವಿವರಿಸಿದರು. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಲ್ಲೂ ಈ ಕೊರತೆ ಕಾಣುತ್ತದೆ, ಆದರೆ ಎಲ್ಲಕ್ಕೂ ಅದೇ ಕಾರಣ ಎನ್ನಲಾಗದು, ಮೊದಲು ಇದನ್ನು ಸರಿಮಾಡೋಣ ಎಂದರು. ಆಮೇಲೆ ಊಟತಿಂಡಿಯ ವಿಚಾರ ಬಂತು. ಊಟದ ಜೊತೆ ಟೀ ಕುಡಿದರೆ ತಿಂದ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಇಷ್ಟು ಚಿಕ್ಕ ಮಗುವಿಗೆ ಟೀ ಕೊಡುವವರು ಯಾರು ಎಂದು ಕೇಳಿದರು. ದೂರು ಕೊಡಲು ಬಂದಿದ್ದ ಆಂಟಿ ಸೀಲಿಂಗ್ ಫ್ಯಾನ್ ನೋಡತೊಡಗಿದರು. ಮಗಳು ಅವರತ್ತ ಬೆರಳು ತೋರಿಸಿದಳು.

ಮರುದಿನದಿಂದ ಕೆಳಗಿನ ಮನೆಯಲ್ಲಿ ಟೀ ಬಂದ್. ಪಾಪ, ಅವರ ಗಂಡ ಒಂದು ಲೋಟ ಟೀಗಾಗಿ ಸರ್ಕಲ್‌ವರೆಗೆ ನಡೆಯಬೇಕಾಯಿತು. ಪಕ್ಕದ ಖಾಲಿ ಸೈಟಿನಲ್ಲಿ ದಂಟಿನ ಸೊಪ್ಪು, ನುಗ್ಗೆ ಎದ್ದವು. ಕಬ್ಬಿಣದ ಸಿರಪ್ ಹಲ್ಲು ಕಪ್ಪು ಮಾಡುತ್ತದೆಂದು ಆಂಟಿ ಸ್ಟ್ರಾ ತಂದರು. ತಾನೊಬ್ಬಳೇ ಕುಡಿಯುವುದಿಲ್ಲವೆಂದು ಮಗಳು ಹಟ ಮಾಡಿದಾಗ ತಾವೂ ಒಂದು ಸ್ಟ್ರಾ ಹಿಡಿದು ಸಕ್ಕರೆಯಿಲ್ಲದ ನಿಂಬೆರಸ ಹೀರಿದರು. ನಾನು ಕೆಲಸ ಮುಗಿಸಿ ಬಂದರೆ ಇಬ್ಬರೂ ಎದುರುಬದುರು ಕುಳಿತು ಮುಖ ಕಿವುಚುತ್ತಿರುವರು.

ಕೆಲವು ತಿಂಗಳಲ್ಲಿ ಗೋಡೆ ಬಚಾವಾಯಿತು. ಮಗಳು ರಾತ್ರಿ ಅಲ್ಲಾಡದೆ ಮಲಗಿದಳು, ಒಂದು ಪುಟವನ್ನಾದರೂ ಕುಳಿತು ಓದಿದಳು. ಶಾಲೆಯವರೂ ಇಟ್ಟುಕೊಂಡರು. ಚಡಪಡಿಕೆ ಪೂರ್ತಿ ಹೋಗಲಿಲ್ಲ. ಡಾಕ್ಟರು ಕಳಿಸಿದ ತಜ್ಞರು ನೋಡಿ, ಎಡಿಎಚ್‌ಡಿಯೂ ಇದೆ, ಅದಕ್ಕೂ ದಾರಿಯಿದೆ ಎಂದರು. ಅಲ್ಲಿಗೂ ಆಂಟಿ ಬಂದಿದ್ದರು. ವಾಪಸು ಬರುವಾಗ ನನ್ನ ಸಪ್ಪೆ ಮುಖ ನೋಡಿ ಹೇಳಿದರು: "ಅರ್ಧ ಹೋಯ್ತಲ್ಲಮ್ಮ. ಮಿಕ್ಕಿದ್ದು ಇರ್ಲಿ ಬಿಡು. ಮೇಲ್ಗಡೆ ಮಗು ಐತೆ ಅಂತ ಗೊತ್ತಾಗ್ಬೇಕಲ್ಲ."

ನಾವು ಮನೆ ಬದಲಿಸಿ ಹತ್ತಿರದ ಉಲ್ಲಾಳಕ್ಕೆ ಹೋದ ಮೇಲೂ ಅವರ ಸೊಪ್ಪಿನ ಕಂತೆ ಬರುತ್ತಲೇ ಇತ್ತು. ಬಹಳ ವರ್ಷಗಳ ನಂತರ, ಅವರು ತೀರಿಕೊಳ್ಳುವ ಹಿಂದಿನ ದಿನ, ಕಾಲೇಜು ಸೇರಿದ್ದ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳು ಮಂಚದ ಪಕ್ಕದ ಸ್ಟೂಲಿನಲ್ಲಿ ಅವರ ಕೈ ಹಿಡಿದು ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಆಂಟಿ ಕಣ್ಣು ಬಿಟ್ಟರು. ಅವಳನ್ನು ನೋಡಿ ಗಾಬರಿಯಾದರು.

"ಯಾಕವ್ವ ಇಷ್ಟು ಸುಮ್ಕೆ ಕುಂತಿದ್ದೀಯಾ? ಹುಷಾರಿಲ್ವಾ?"

ಹುಷಾರಾಗಿದ್ದೇನೆ ಅಜ್ಜಿ ಎಂದು ಅವಳು ಹೇಳಿದರೂ ಆಂಟಿ ನಂಬಲಿಲ್ಲ. ಅವರ ಸಮಾಧಾನಕ್ಕೆಂದು ನನ್ನ ಮಗಳು ಎದ್ದು, ನರ್ಸ್ ಬಂದು ಗದರುವವರೆಗೂ, ವಾರ್ಡಿನ ಆ ತುದಿಗೂ ಈ ತುದಿಗೂ ಓಡಿದಳು.