ಹೇಮಾವತಿಯ ಪದಕ್ಕೆ ಕೊಟ್ರಬಸಪ್ಪನ ಪೇಟಿ

ಆದೋನಿಯ ಹತ್ತಿ ವ್ಯಾಪಾರಿ ಕೊಟ್ರಬಸಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಹೆಂಡತಿಯನ್ನು ಮಾತ್ರ ಕೇಳಬೇಡಿ. ಮದುವೆಯಾದ ಹೊಸದರಲ್ಲಿ ಹೇಮಾವತಿ ರೊಟ್ಟಿ ತಟ್ಟುತ್ತ, ಆಸ್ಪರಿ ಕಡೆಯ ತನ್ನ ತವರೂರಿನ ತತ್ವಪದವೊಂದನ್ನು ಹಾಡಿಕೊಳ್ಳುತ್ತಿದ್ದಳು. ಈ ಮಹಾರಾಯ ಬಾಗಿಲಿಗೆ ಒರಗಿ ನಿಂತು ಕೇಳಿದ. "ನಾ ಪೇಟಿ ಕಲೀತೀನಿ ನೋಡು. ನೀ ಹಾಡು, ನಾ ಬಾರಸ್ತೀನಿ," ಅಂದ. ಪೇಟಿ ಎಂದರೆ ಹಾರ್ಮೋನಿಯಂ. ಆಕೆ ನಾಚಿ, ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಆಮೇಲೆ ಏನಾಯಿತು? ಮಣ್ಣು! ಈ ಹತ್ತಿ ಸೀಜನ್ ಮುಗಿಯಲಿ ಅಂದ, ಮುಗಿಯಿತು. ತಮ್ಮನ ಮದುವೆಯಾಗಲಿ ಅಂದ, ಅದೂ ಆಯಿತು. ಅಪ್ಪ ಹಾಸಿಗೆ ಹಿಡಿದ, ಮಗ ಬಸವಪ್ರಸಾದನ ಓದು ಬಂತು, ಹೊಸ ಮನೆಯ ಕೆಲಸ ಶುರುವಾಯಿತು. ಹೇಮಾವತಿ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅದೇ ಅವನನ್ನು ಚುಚ್ಚುತ್ತಿತ್ತು. ಒಮ್ಮೆ ಜಗಳ ತೆಗೆದಿದ್ದರೂ ಎದೆ ಹಗುರಾಗುತ್ತಿತ್ತು.

ಈಗ ಯಾರ್ಡಿನ ಟೆಂಡರೆಲ್ಲ ಕಂಪ್ಯೂಟರಿಗೆ ಹೋಗಿ, ಅಂಗಡಿಯಲ್ಲಿ ಮಗನೇ ಕೂರುತ್ತಾನೆ. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಕೊಟ್ರಬಸಪ್ಪ ನಡೆದ. ಎಲ್ಲಿಗೆ? ಪಕ್ಕದ ಓಣಿಯ ಮಾರೆಣ್ಣನ ಮನೆಗೆ! ಮಾರೆಣ್ಣ ಬಸ್ ಡ್ರೈವರ್ ಆಗಿ ರಿಟೈರಾದವನು. ಬಸವಣ್ಣನ ಗುಡಿಯ ಸೋಮವಾರದ ಭಜನೆಗೆ ಪೇಟಿ ನುಡಿಸುವವನೂ ಅವನೇ.

"ಈ ವಯಸ್ಸಿನಾಗೇನ್ರಿ ಸಾವ್ಕಾರ್ರ?" ಅಂದ ಮಾರೆಣ್ಣ.

"ಇನ್ನ ಯಾವ ವಯಸ್ಸಿನಾಗಪ್ಪಾ? ಆಕಿಗೆ ಕೊಟ್ಟ ಮಾತು ಹಂಗೇ ಉಳದೈತಿ. ಮನಿಯಾಗ ಮಾತ್ರ ಹೇಳಬ್ಯಾಡ."

ಮೊದಲ ದಿನ ಪೇಟಿ ಮುಂದೆ ಕೂತವನು ಏನು ಮಾಡಿದ ಗೊತ್ತೇ? ಹೆಗಲ ಮೇಲಿನ ಟವೆಲ್ ಎಳೆದು ಬಲಗೈ ಮೇಲೆ ಹೊದಿಸಿಕೊಂಡು, ಅದರಡಿ ಬೆರಳು ಆಡಿಸತೊಡಗಿದ. ಅವನಿಗೆ ಅದರ ಅರಿವೇ ಇಲ್ಲ! ಕಂಪ್ಯೂಟರ್ ಬರುವ ಮುಂಚೆ ಹತ್ತಿಯ ರೇಟು ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರು ವ್ಯಾಪಾರಿಗಳು ಟವೆಲ್ ಅಡಿಯಲ್ಲಿ ಕೈ ಹಿಡಿದು, ಬೆರಳು ಅದುಮಿ ಅದುಮಿ ಚೌಕಾಸಿ ಮಾಡುತ್ತಿದ್ದರು. ಆಯುಷ್ಯವೆಲ್ಲ ಹಾಗೆ ಕಳೆದ ಕೈ ಅದು, ಗುಟ್ಟಿನ ಕೆಲಸ ಎಂದರೆ ತಾನಾಗಿಯೇ ಟವೆಲ್ ಹುಡುಕುತ್ತದೆ.

ಮಾರೆಣ್ಣ ಕೆಮ್ಮು ಬರುವಷ್ಟು ನಕ್ಕ. "ಅರೆರೆ! ಯಾರಿಗೆ ರೇಟ್ ಹೇಳಾಕತ್ತೀರಿ? ಟವೆಲ್ ತೆಗೀರಿ. ಇಕ್ಕಡ ಬೇರಂ ಲೇದು, ಇಲ್ಲಿ ಚೌಕಾಸಿ ಇಲ್ರಿ!"

ಟವೆಲ್ ತೆಗೆದರೂ ಬೆರಳಿನ ಚಾಳಿ ಹೋಗಬೇಕಲ್ಲ? ಪೇಟಿಯ ಒಂದು ಸ್ವರದ ಮನೆಯನ್ನು ಅದುಮಿದನೆಂದರೆ, ಎದುರಿನವನು ಒಪ್ಪುವ ತನಕ ಬಿಡುವವನಲ್ಲ. ಸರಿಗಮ ತನಗೆ ಬೇಡ, ಆ ಒಂದು ಪದ ಬಂದರೆ ಸಾಕು ಎಂದು ಹಟ ಹಿಡಿದ. ಹೆಂಡತಿ ಅಂದು ಹಾಡಿದ ದನಿಯನ್ನೇ ನೆನೆದು ಗುನುಗಿ ತೋರಿಸಿದ. ಶ್ರುತಿ ಭಾಳ ಎತ್ತರ ಆಯಿತು ಎಂದು ಮಾರೆಣ್ಣ ಅಂದರೆ, "ಆಕಿ ಹಾಡೋದೇ ಹಂಗ," ಎಂದು ಬಾಯಿ ಮುಚ್ಚಿಸಿದ. ಒಂದು ಬೇಸಿಗೆಯೆಲ್ಲ ತಿಣುಕಿದ ಮೇಲೆ, ಪದ ಮೊದಲಿಂದ ಕೊನೆಯವರೆಗೆ ತಡವರಿಸದೆ ಬಂತು. ಆ ದಿನ ಅವನ ಮುಖ ನೋಡಬೇಕಿತ್ತು, ಲಾಟರಿ ಹೊಡೆದವರೂ ಅಷ್ಟು ಹಿಗ್ಗುವುದಿಲ್ಲ.

"ದಿನಾ ಇಷ್ಟೊತ್ತು ವಾಕಿಂಗ್ ಮಾಡ್ತೀರಿ, ಸಕ್ರಿ ಮಾತ್ರ ಇಳಿಯವಲ್ದು," ಎಂದು ಹೇಮಾವತಿ ಗೊಣಗುತ್ತಿದ್ದಳು. ಇಳಿಯುವುದೆಲ್ಲಿಂದ ಬಂತು, ಮಾರೆಣ್ಣನ ಮನೆಯಲ್ಲಿ ದಿನವೂ ಸಕ್ಕರೆ ಹಾಕಿದ ಚಹಾ!

ಶ್ರಾವಣದ ಮೊದಲ ಸೋಮವಾರ ಭಜನೆ ನಡೆದಿತ್ತು. ಮಾರೆಣ್ಣ ಪೇಟಿಯನ್ನು ಸರಿಸಿ ಕೊಟ್ರಬಸಪ್ಪನ ಮುಂದೆ ಇಟ್ಟ. ಹೆಂಗಸರ ಸಾಲಿನಲ್ಲಿದ್ದ ಹೇಮಾವತಿ ಗಾಬರಿಯಾಗಿ ಗಂಡನನ್ನು ನೋಡಿದಳು. ಅವನು ತಲೆ ಎತ್ತದೆ ತನ್ನ ಪದದ ಮೊದಲ ಸಾಲು ನುಡಿಸಿದ. ಅದು ಯಾವ ಪದ ಎಂದು ತಿಳಿದ ಕೂಡಲೇ ಆಕೆಯ ಕಣ್ಣು ತುಂಬಿದವು. ಪಕ್ಕದಲ್ಲಿದ್ದ ಪಂಪಮ್ಮ ಮೊಣಕೈಯಿಂದ ತಿವಿದು, "ಹಾಡಬೇ, ಹಾಡು!" ಅಂದಳು.

ಹೇಮಾವತಿ ಹಾಡಿದಳು. ಮೊದಲ ಸಾಲು ಹೇಗೋ ದಾಟಿತು. ಮುಂದಿನ ಸಾಲು ಮೇಲೇರುವಲ್ಲಿ ದನಿ ಒಡೆಯಿತು. ಮತ್ತೊಮ್ಮೆ ಹಿಡಿದಳು, ಅಲ್ಲೇ ಮತ್ತೆ ಒಡೆಯಿತು. ಎದೆ ಮೇಲೆ ಕೈಯಿಟ್ಟು ನಿಲ್ಲಿಸಿಬಿಟ್ಟಳು.

"ಎತ್ತರ ಹಿಡದೀರಿ," ಅಂದಳು ಮೆಲ್ಲಗೆ. "ಅದು ಆಗಿನ ದನಿರಿ. ಈಗ ಅಷ್ಟು ಮ್ಯಾಲ ಹೋಗಾಕ ಆಗಂಗಿಲ್ಲ."

ಕೊಟ್ರಬಸಪ್ಪ ಪೇಟಿಯಿಂದ ಕೈ ತೆಗೆದ. ಅಯ್ಯೋ, ತಾನು ಬರುವವರೆಗೂ ಆ ದನಿ ಹಾಗೇ ಕಾಯುತ್ತಿರುತ್ತದೆ ಎಂದುಕೊಂಡಿದ್ದನಲ್ಲ! ಆಕೆ ಮನೆಯಲ್ಲಿ ಗಟ್ಟಿಯಾಗಿ ಹಾಡಿ ಎಷ್ಟು ವರ್ಷವಾಯಿತು? ಯೋಚಿಸಿದರೂ ಅವನಿಗೆ ಹೊಳೆಯಲಿಲ್ಲ. ನಾಚಿಕೆಯಾಯಿತು, ದುಃಖವೂ ಆಯಿತು.

"ಕೆಳಗಿನ ಶ್ರುತಿಯಾಗ ನನಗ ಬಾರ್ಸಾಕ ಬರಂಗಿಲ್ಲ, ಹೇಮಾ," ಅಂದ ಎಲ್ಲರೆದುರಿಗೇ. "ಇದೊಂದೇ ಕಲ್ತೀನಿ."

ಮಾರೆಣ್ಣ ಕೈ ಚಾಚಿದ. "ಪರ್ವಾಲೇದು ಸಾವ್ಕಾರ್ರ, ಇತ್ಲಾಗ ಕೊಡ್ರಿ. ನಾ ಬಾರಸ್ತೀನಿ."

"ಬ್ಯಾಡ ಮಾರೆಣ್ಣ," ಅಂದಳು ಹೇಮಾವತಿ. "ಅವರೇ ಹುಡುಕ್ಲಿ. ನಾ ಇಲ್ಲೇ ಕುಂತಿರ್ತೀನಿ."

ಕೊಟ್ರಬಸಪ್ಪ ಒಂದೇ ಬೆರಳಿನಿಂದ ಹುಡುಕತೊಡಗಿದ. ಒಂದು ಮನೆ ಒತ್ತಿ ಹೆಂಡತಿಯ ಮುಖ ನೋಡಿದ. ಆಕೆ ಅಲ್ಲ ಎಂದು ತಲೆಯಾಡಿಸಿದಳು. ಇನ್ನೊಂದು ಒತ್ತಿದ, ಅದೂ ಅಲ್ಲ. ಪ್ರಸಾದದ ತಟ್ಟೆ ಎತ್ತಿಕೊಂಡವರು ಮತ್ತೆ ಕೆಳಗಿಟ್ಟು ಕೂತರು. ಇನ್ನೂ ಕೆಳಗೊಂದು ಒತ್ತಿದಾಗ ಹೇಮಾವತಿ ಹೂಂ ಅಂದಳು, ಅದರ ಮೇಲೆಯೇ ಮೊದಲ ಸಾಲು ಹಾಡಿದಳು. ಎರಡನೆಯ ಸಾಲಿಗೆ ಅವನ ಬೆರಳು ಮತ್ತೆ ತಡಕಾಡಿತು. ಆಕೆ ಉಸಿರು ಹಿಡಿದು, ನಗುಮುಖದಿಂದ ಅವನನ್ನೇ ನೋಡುತ್ತ ಕಾದಳು.