ಬೀರಾನ್ ಬಿಚ್ಚಲು ಮರೆತ ಬೋಲ್ಟು

ಬೆಳಗ್ಗೆ ಆರು ಗಂಟೆ. ಬನ್ನಂಜೆಯ ತಗಡಿನ ಶೆಡ್ಡಿನಲ್ಲಿ ಫಿಯೆಟ್ ಕಾರೊಂದು ಬಾನೆಟ್ ಕಳಚಿಕೊಂಡು ನಿಂತಿದೆ. ಎಂಜಿನ್ನಿಗೆ ಸರಪಳಿ ಸುತ್ತಿಯಾಗಿದೆ, ಮೇಲಿನ ತೊಲೆಗೆ ಭಾರ ಎತ್ತುವ ಚೈನ್ ಬ್ಲಾಕ್ ಸಿಕ್ಕಿಸಿಯೂ ಆಗಿದೆ. ಇನ್ನು ಎಳೆಯುವುದೊಂದೇ ಬಾಕಿ. ಆದರೆ ಮೆಕ್ಯಾನಿಕ್ ಬೀರಾನ್ ಎಳೆಯುವುದಿಲ್ಲ. ಕಾರಿನ ಮಾಲೀಕ, ಕಾಪುವಿನ ಲಿಯೋನೆಲ್ ಅವರನ್ನು ಹತ್ತಿರ ಕರೆಯುತ್ತಾರೆ. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಲ್ಲಿ ಸುತ್ತ ಬೆರಳಾಡಿಸಿ, ಬೋಲ್ಟು ಯಾವುದಾದರೂ ಉಳಿದಿದೆಯೇ ಎಂದು ಅವರೂ ನೋಡಬೇಕಂತೆ. ಇಸ್ತ್ರಿ ಅಂಗಿ ತೊಟ್ಟು ಬಂದ ಲಿಯೋನೆಲ್ ಮುಖ ಹುಳ್ಳಗೆ ಮಾಡುತ್ತಾರೆ.

“ಮೆಕ್ಯಾನಿಕ್ ನೀವಾ ನಾನಾ ಮಾರಾಯ್ರೆ?”

“ನಾನೇ. ಅದಕ್ಕೇ ಹೇಳುವುದು, ನೀವೂ ಒಮ್ಮೆ ಮುಟ್ಟಿ ನೋಡಿ” ಎನ್ನುತ್ತಾರೆ ಬೀರಾನ್.

ಲಿಯೋನೆಲ್ ತೋಳು ಮಡಚಿ, ಕೈಯೆಲ್ಲ ಕರಿ ಮಾಡಿಕೊಂಡು, ಎಂತದೂ ಇಲ್ಲ ಎಂದು ವರದಿ ಒಪ್ಪಿಸುತ್ತಾರೆ. ಆಮೇಲೆ ಬೀರಾನ್ ತಾವೂ ಕಣ್ಣು ಮುಚ್ಚಿ ಬೆರಳಿನಲ್ಲೇ ಒಂದು ಸುತ್ತು ಬರುತ್ತಾರೆ. ಆಗಲೇ ಸರಪಳಿ ಗರಗರ ಎನ್ನುವುದು. ಎಂಜಿನ್ ಹಠ ಮಾಡದೆ ಮೇಲೇಳುತ್ತದೆ.

ಬೀರಾನ್‌ಗೆ ಈಗ ಮೂವತ್ತೇಳು. ಬಸ್ಸಿನ ವರ್ಕ್‌ಶಾಪೊಂದರಲ್ಲಿ ಎಂಟು ವರ್ಷ ಸಾಮಾನು ತೊಳೆದು, ಗ್ರೀಸ್ ಹಾಕಿ, ಹಿರಿಯ ಮೆಕ್ಯಾನಿಕ್ಕರ ಬೈಗುಳ ತಿಂದು ಕೆಲಸ ಕಲಿತವರು. ಹನ್ನೆರಡು ವರ್ಷಗಳಿಂದ ಸ್ವಂತ ಶೆಡ್ಡು. ವರ್ಷಕ್ಕೆ ಮೂವತ್ತೈದು ನಲವತ್ತು ಎಂಜಿನ್ ಇಳಿಸುತ್ತಾರೆ, ಒಂದಕ್ಕೆ ಮೂರು ಗಂಟೆ. ಅವಸರ ಮಾಡಿದರೆ ಎರಡು ಗಂಟೆಯಲ್ಲಿ ಆದೀತು, ಆದರೆ ಅವರು ಅವಸರ ಮಾಡುವುದಿಲ್ಲ. ಬಿಚ್ಚಿದ ಪ್ರತಿ ವಯರಿಗೂ ಬಟ್ಟೆಯ ಪಟ್ಟಿ ಕಟ್ಟಿ ಗುರುತು ಬರೆಯುತ್ತಾರೆ. ಬೋಲ್ಟುಗಳನ್ನು ಜಾಗಕ್ಕೊಂದರಂತೆ ತೆಂಗಿನ ಚಿಪ್ಪುಗಳಲ್ಲಿ ಹಾಕಿಡುತ್ತಾರೆ. ಸೊಂಟ ನೋವು, ಉಗುರಿನಿಂದ ಹೋಗದ ಎಣ್ಣೆ, ಎರಡು ಸಲ ಜಜ್ಜಿಹೋದ ಕಿರುಬೆರಳು, ಇವುಗಳ ಬಗ್ಗೆ ಕೇಳಿದರೆ ನಕ್ಕುಬಿಡುತ್ತಾರೆ. ಮನೆಯಲ್ಲಿ ಹೆಂಡತಿ ಮುನೀರಾ ಮಾತ್ರ, ಇವರಿಗೆ ಮನೆಯ ಬೀಗ ಹಾಕಿದ್ದು ನೆನಪಿರುವುದಿಲ್ಲ, ಬೋಲ್ಟಿನ ಲೆಕ್ಕ ನಿದ್ದೆಯಲ್ಲೂ ತಪ್ಪುವುದಿಲ್ಲ ಎಂದು ಹಾಸ್ಯ ಮಾಡುತ್ತಾರಂತೆ.

ಈ ಎಚ್ಚರ ಎಲ್ಲಿಂದ ಬಂತು ಎಂದು ಕೇಳಿದಾಗ ಅವರ ಮುಖ ಸಣ್ಣದಾಗುತ್ತದೆ. ಬಹಳ ಹೊತ್ತು ಸ್ಪಾನರ್ ಒರೆಸುತ್ತಾರೆ. ಅದು ಮೊದಲ ಎಂಜಿನ್ನಿನ ಕತೆ.

ಹನ್ನೆರಡು ವರ್ಷದ ಹಿಂದೆ, ೧೯೭೪. ಶಿರ್ವದ ಡುಲ್ಸಿನ್ ಬಾಯಿ ಹೆರಿಗೆ ಮಾಡಿಸುವ ನರ್ಸ್, ಊರವರಿಗೆಲ್ಲ ಬರೀ ‘ಬಾಯಿ’. ಆ ಕಾಲಕ್ಕೇ ತಾವೇ ಮೋರಿಸ್ ಮೈನರ್ ಓಡಿಸಿಕೊಂಡು ಮನೆಮನೆಗೆ ಹೋಗುತ್ತಿದ್ದ ಗಟ್ಟಿಗಿತ್ತಿ. ಕಾರು ಹೊಗೆ ಕಾರುತ್ತಿತ್ತು, ರಿಂಗ್ ಬದಲಿಸಲು ಎಂಜಿನ್ ಇಳಿಸಲೇಬೇಕಿತ್ತು. ಬೀರಾನ್ ಅಲ್ಲಿಯವರೆಗೆ ಬೇರೆಯವರು ಎಂಜಿನ್ ಇಳಿಸುವುದನ್ನು ನೋಡಿದ್ದರೇ ಹೊರತು ಒಬ್ಬರೇ ಇಳಿಸಿದವರಲ್ಲ. ಆದರೂ ಆಗುತ್ತದೆ ಎಂದುಬಿಟ್ಟರು. ಅಕ್ಕಿ ಮಿಲ್ಲಿನಿಂದ ಚೈನ್ ಬ್ಲಾಕ್ ಕೇಳಿ ತಂದು ಬಾಯಿಯ ಅಂಗಳದ ಹಲಸಿನ ಕೊಂಬೆಗೆ ಕಟ್ಟಿದರು. ನೀರು ಇಳಿಸಿದರು, ರೇಡಿಯೇಟರ್ ತೆಗೆದರು. ವಯರುಗಳು ಕಲಸಿಹೋಗದಿರಲಿ ಎಂದು ಬಾಯಿಯೇ ತಮ್ಮ ಚೀಲದಿಂದ ಬ್ಯಾಂಡೇಜು ಕತ್ತರಿಸಿ ಕೊಟ್ಟು, ಪಕ್ಕದಲ್ಲಿ ಕೂತು ಒಂದೊಂದಕ್ಕೂ ಗುರುತು ಬರೆದರು. ಆ ಬಟ್ಟೆಯ ಪಟ್ಟಿ ಇಂದಿಗೂ ಉಳಿದಿರುವುದು ಹಾಗೆ.

ಬಾಯಿ ಕಾಫಿ ಮಾಡಲು ಒಳಗೆ ಹೋದಾಗ ಬೀರಾನ್ ಸರಪಳಿ ಎಳೆದರು. ಎಂಜಿನ್ ಒಂದಿಷ್ಟು ಎದ್ದು ನಿಂತುಬಿಟ್ಟಿತು. ಇನ್ನೂ ಎಳೆದರೆ ಎಂಜಿನ್ನಿನ ಜೊತೆ ಕಾರಿನ ಮೂತಿಯೂ ಮೇಲೇಳತೊಡಗಿತು. ಕೆಲಸ ಬಲ್ಲವನಾದರೆ ಅಲ್ಲಿಗೆ ಎಳೆಯುವುದನ್ನು ನಿಲ್ಲಿಸಿ, ಎಲ್ಲಿ ಹಿಡಿದಿದೆ ಎಂದು ಹುಡುಕುತ್ತಿದ್ದ. ಬೀರಾನ್ ತುಕ್ಕು ಹಿಡಿದಿರಬೇಕು ಎಂದುಕೊಂಡು ಸಂದಿಗೆ ಹಾರೆ ಕೊಟ್ಟು ಮೈಭಾರ ಹಾಕಿದರು. ಟಪ್ಪೆಂದು ಸದ್ದಾಯಿತು. ಗೇರ್‌ಬಾಕ್ಸಿನ ಎರಕದ ಕವಚ ಗೇಣುದ್ದ ಸೀಳಿತ್ತು. ಬೆರಳು ತೂರಿಸಿ ನೋಡಿದರೆ ಮೇಲ್ಗಡೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಬಿಚ್ಚದ ಬೋಲ್ಟೊಂದು ಹಾಗೇ ಕೂತಿತ್ತು.

ಬಾಯಿ ಕಾಫಿ ಮಾಡಿ ಹೊರಗೆ ತರುವಷ್ಟರಲ್ಲಿ ಬೀರಾನ್ ಆ ಬೋಲ್ಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು.

“ಹಳೆಯ ಎರಕ ಬಾಯಮ್ಮ, ಮೊದಲೇ ಬಿರುಕು ಬಿಟ್ಟಿತ್ತು ಅಂದೆ. ಅವರು ನಂಬಿದರು. ನನಗೇ ಸಮಾಧಾನ ಹೇಳಿದರು, ನಿನ್ನ ಮೊದಲ ಎಂಜಿನ್ನಿಗೇ ಹೀಗಾಗಬೇಕಾ, ಬೇಜಾರು ಮಾಡಬೇಡ ಅಂತ. ಕಾಫಿ ಕೊಟ್ಟರು. ಆ ಕಾಫಿ ಕುಡಿದೆ ನಾನು.”

ಬೆಸುಗೆ ಹಾಕಿಸಿದ್ದು ನಿಲ್ಲಲಿಲ್ಲ. ಬೊಂಬಾಯಿ, ಮದರಾಸಿಗೆಲ್ಲ ಕಾಗದ ಬರೆದರೂ ಆ ಸಾಮಾನು ಸಿಗಲಿಲ್ಲ. ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿ, ಕಾರನ್ನು ಸೋಗೆಯ ಮಾಡಿನಡಿ ತಳ್ಳಿ ಇಟ್ಟರು. ಇನ್ನೊಂದು ಕಾರು ಕೊಳ್ಳುವಷ್ಟು ಬಾಯಿಯ ಬಳಿ ಇರಲಿಲ್ಲ. ಮೊಣಕಾಲು ಸೋಲುವವರೆಗೆ ಆರು ವರ್ಷ ಗದ್ದೆಯ ಹುಣಿಯ, ಆ ಕಿರಿದಾದ ಬದುವಿನ ಮೇಲೆ ಚೀಲ ಹೊತ್ತು ನಡೆದೇ ಹೆರಿಗೆ ಮಾಡಿಸಿದರು. ಮಳೆಗಾಲದಲ್ಲಿ ಶಿರ್ವದ ಕಡೆ ಬಸ್ಸಿನಲ್ಲಿ ಹೋಗುವಾಗ, ಸೀರೆ ಎತ್ತಿ ಕಟ್ಟಿ ನಡೆಯುತ್ತಿದ್ದ ಅವರನ್ನು ಕಂಡು ಬೀರಾನ್ ಸೀಟಿನಲ್ಲಿ ಕುಗ್ಗಿ ಕೂತದ್ದುಂಟು.

ಇದಕ್ಕಿಂತ ಹೆಚ್ಚು ಸುಡುವುದು ಇನ್ನೊಂದು ಸಂಗತಿ. ಗಲ್ಫಿನಿಂದ ಬಂದು ಕಾರು ಕೊಂಡ ಶಿರ್ವದವರಿಗೆಲ್ಲ ಡುಲ್ಸಿನ್ ಬಾಯಿ ಹೇಳಿದ್ದು ಒಂದೇ ಹೆಸರು. ಆ ಬೀರಾನ್ ಜಾಗ್ರತೆಯ ಹುಡುಗ, ವಯರಿಗೆ ಸಹ ಹೆಸರು ಬರೆದಿಡುತ್ತಾನೆ ಎಂದು. ಲಿಯೋನೆಲ್ ಅವರನ್ನು ಕಳಿಸಿದವರೂ ಅವರೇ. ಹೀಗೆ ಶೆಡ್ಡು ಎದ್ದು ನಿಂತಿದ್ದು ಒಂದು ಸುಳ್ಳಿನ ಮೇಲೆ ಎಂದು ಬೀರಾನ್ ಸುತ್ತಿಬಳಸದೆ ಹೇಳುತ್ತಾರೆ. ಸ್ಪಾನರ್ ಪೆಟ್ಟಿಗೆಯ ಮೂಲೆಯಿಂದ ಬೋಲ್ಟನ್ನು ತೆಗೆದು ತೋರಿಸುತ್ತಾರೆ. ಹನ್ನೆರಡು ವರ್ಷ ಎಣ್ಣೆ ಸವರಿ ಇಟ್ಟಿದ್ದಾರೆ, ಒಂದಿಷ್ಟೂ ತುಕ್ಕಿಲ್ಲ.

ಹೋದ ತಿಂಗಳು ಕಾರ್ಕಳದ ಗುಜರಿ ಅಂಗಡಿಯಲ್ಲಿ ಅದೇ ಮಾದರಿಯ ಕಾರಿನ ಗೇರ್‌ಬಾಕ್ಸ್ ಸಿಕ್ಕಿದೆ, ಕವಚ ಇಡಿಯಾಗಿದೆ. ಶೆಡ್ಡಿನ ಹಿಂದೆ ಗೋಣಿ ಹೊದೆಸಿ ಇಟ್ಟಿದ್ದಾರೆ. ಬಾಯಿಗೆ ಈಗ ಎಪ್ಪತ್ತು. ಒಮ್ಮೆ ಆ ಎಂಜಿನ್ ಕೂರಿಸಿ, ಅವರನ್ನು ಮುಂದೆ ಕೂರಿಸಿಕೊಂಡು ಇಗರ್ಜಿಯವರೆಗೆ ಹೋಗಿಬರಬೇಕು ಎಂಬುದು ಬೀರಾನ್ ಅವರ ಆಸೆ. ಆದರೆ ಪುಕ್ಕಟೆ ಯಾಕೆ ಮಾಡುತ್ತೀ ಎಂದು ಬಾಯಿ ಕೇಳಿಯೇ ಕೇಳುತ್ತಾರೆ. ಆಗ ಇನ್ನೊಂದು ಸುಳ್ಳು ಹೇಳಬೇಕು, ಇಲ್ಲವೇ ಹಳೆಯದನ್ನು ಒಪ್ಪಬೇಕು. ಗೇರ್‌ಬಾಕ್ಸ್ ಒಂದು ತಿಂಗಳಿಂದ ಗೋಣಿಯೊಳಗೇ ಉಳಿದಿರುವುದು ಇದಕ್ಕೇ.

ಈ ಭಾಗ ಪತ್ರಿಕೆಗೆ ಬೇಡವೇ ಎಂದು ಕೇಳಿದರೆ ಬೀರಾನ್ ಬೋಲ್ಟನ್ನು ಅಂಗೈಯಲ್ಲಿ ಹೊರಳಿಸುತ್ತಾರೆ. ಯಾವ ದಿನ ಅಚ್ಚಾಗುತ್ತದೆ ಎಂದು ವಿಚಾರಿಸುತ್ತಾರೆ. ಭಾನುವಾರ ಎಂದಾಗ ತಲೆ ಆಡಿಸುತ್ತಾರೆ. ಬಾಯಿ ಇಗರ್ಜಿಯ ಪೂಜೆ ಮುಗಿಸಿ ಬಂದು, ಭೂತಕನ್ನಡಿ ಹಿಡಿದು, ಭಾನುವಾರದ ಪುರವಣಿಯನ್ನು ಒಂದಕ್ಷರ ಬಿಡದೆ ಓದುವುದು ಅವರಿಗೆ ಗೊತ್ತು.

“ಬರೆಯಿರಿ” ಎನ್ನುತ್ತಾರೆ, ಬೋಲ್ಟನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾ. “ಹನ್ನೆರಡು ವರ್ಷದಲ್ಲಿ ಎಷ್ಟೋ ಸಲ ಹೊರಟು ಅರ್ಧ ದಾರಿಯಿಂದ ವಾಪಸು ಬಂದವನು ನಾನು. ಭಾನುವಾರ ಪೇಪರಿನಲ್ಲಿ ಬರುತ್ತದೆ ಅಂದರೆ ಶನಿವಾರ ನಾನು ಹೋಗಲೇಬೇಕಲ್ವಾ. ಬಾಯಮ್ಮ ಅದನ್ನು ನನ್ನ ಬಾಯಿಂದಲೇ ಕೇಳಬೇಕು, ಪೇಪರಿನಿಂದ ಅಲ್ಲ.”