ಗಂಗಣ್ಣನ ನೀರಿನ ಪಥ್ಯ

ತೂಬಗೆರೆ ಕಡೆ ಹಲಸಿನ ವ್ಯಾಪಾರಕ್ಕೆ ನಾನೂ ಗಂಗಣ್ಣನೂ ಒಂದೇ ಮೊಪೆಡ್ಡಿನಲ್ಲಿ ತಿರುಗುತ್ತಿದ್ದ ಕಾಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಯಿ ತಟ್ಟಿ, ಸದ್ದು ಕೇಳಿ, ಇಂಥ ದಿನಕ್ಕೆ ಹಣ್ಣಾಗುತ್ತದೆ ಎಂದು ಅವನು ಹೇಳಿದರೆ ನಾನು ಎರಡನೇ ಮಾತಾಡುತ್ತಿರಲಿಲ್ಲ. ತನ್ನ ಮೈ ವಿಷಯಕ್ಕೆ ಬಂದರೆ ಮಾತ್ರ ಅವನಷ್ಟು ದಡ್ಡ ನಮ್ಮ ಹೋಬಳಿಯಲ್ಲೇ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಅವನಿಗೆ ಭೇದಿ ಹಿಡಿಯಿತು. ನೀರು ಕುಡಿಯುವುದು ಬಿಟ್ಟರೆ ಭೇದಿ ಕಟ್ಟುತ್ತದೆ ಎಂಬುದು ಅವರ ಮನೆಯ ಹಳೇ ಪಥ್ಯ. ಮೂರು ದಿನ ತುಟಿಯಷ್ಟೇ ಒದ್ದೆ ಮಾಡಿಕೊಂಡ. ಮಂಡಿನೋವಿನ ಗುಳಿಗೆಯನ್ನು ಮಾತ್ರ ನಿಷ್ಠೆಯಿಂದ ನುಂಗಿದ. ನಾಲ್ಕನೇ ದಿನ ಮೂತ್ರವೇ ನಿಂತುಹೋಯಿತು.

ದೊಡ್ಡಬಳ್ಳಾಪುರದ ಡಾಕ್ಟರಮ್ಮ ರಕ್ತ ಪರೀಕ್ಷೆ, ಸ್ಕ್ಯಾನ್ ಎರಡನ್ನೂ ನೋಡಿದರು. "ಕಲ್ಲಿಲ್ಲ, ಎಲ್ಲೂ ಕಟ್ಟಿಕೊಂಡಿಲ್ಲ. ಮೈ ಒಣಗಿ ಕಿಡ್ನಿಗೆ ಹೋಗೋ ರಕ್ತಾನೇ ಕಮ್ಮಿ ಆಗಿದೆ. ಆ ಗುಳಿಗೆ ಇನ್ನಷ್ಟು ಕಮ್ಮಿ ಮಾಡಿದೆ, ಅದನ್ನ ಬಿಟ್ಬಿಡಿ. ಡ್ರಿಪ್ ಹಾಕ್ತೀನಿ. ನಾಳೆಯೊಳಗೆ ಸರಿಹೋಗ್ದಿದ್ರೆ ಡಯಾಲಿಸಿಸ್‌ಗೆ ಬೆಂಗಳೂರಿಗೆ ಕಳಿಸ್ಬೇಕಾಗುತ್ತೆ."

ಹೆಂಡತಿ ಮುನಿವೆಂಕಟಮ್ಮ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲವನ್ನೇ ನೋಡುತ್ತ ಕೂತಳು. ಮರುದಿನ ಬೆಳಿಗ್ಗೆ ನಾನು ಹೋದಾಗ ಅದರಲ್ಲಿ ಒಂದು ಕಾಫಿ ಲೋಟದಷ್ಟು ಸೇರಿತ್ತು.

"ಬಂತು ಕಣಣ್ಣೋ!" ಎಂದು ವಾರ್ಡಿಗೆಲ್ಲ ಕೇಳುವಂತೆ ನನ್ನನ್ನು ಕೂಗಿದಳು.

"ಮೆತ್ತಗೆ ಕಣೇ, ಮಗು ಹುಟ್ಟಿದಂಗೆ ಆಡ್ತೀಯಲ್ಲ," ಎಂದು ಗಂಗಣ್ಣ ನಾಚಿಕೊಂಡ.

"ನಮ್ಮ ಮುರಳಿ ಹುಟ್ಟಿದಾಗ್ಲೂ ನಂಗಿಷ್ಟು ಖುಷಿ ಆಗಿರ್ಲಿಲ್ಲ, ಸುಮ್ನೆ ಮಲಿಕ್ಕೊ!"

ಎರಡು ವಾರದಲ್ಲಿ ರಕ್ತ ಪರೀಕ್ಷೆ ಸರಿಹೋಯಿತು. ಆಮೇಲೆ ಇನ್ನೂ ಆರು ಹಲಸಿನ ಕಾಲ ನಾವು ಜೊತೆಯಲ್ಲೇ ಕಂಡೆವು.